ಸತ್ಯವೇದ ಪ್ರಶ್ನೋತ್ತರ: ಹೊಸ ಒಡಂಬಡಿಕೆಯ ಇಬ್ರಿಯ ಬೇರು

ಪ್ರಶ್ನೆ: ನನಗೆ ಇಬ್ರಿಯ ಭಾಷೆ ಬರುವುದಿಲ್ಲ. ಆದರೂ ಯೇಸುವಿನ ಮಾತುಗಳ ಇಬ್ರಿಯ ಮೂಲ ತಿಳಿದು ಓದುವ ಆಸೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಮಾರ್ಕ 12:29-30ರಿಂದ ಶುರುಮಾಡಿ. ಮೊದಲನೆಯ ಆಜ್ಞೆ ಯಾವುದೆಂದು ಶಾಸ್ತ್ರಿ ಕೇಳಿದಾಗ ಯೇಸು ಹೇಳಿದ್ದು ಯೆಹೂದ್ಯರ ನಿತ್ಯದ ಪ್ರಾರ್ಥನೆಯಾದ ‘ಶೆಮಾ’ವನ್ನೇ, ಅಂದರೆ ಧರ್ಮೋಪದೇಶಕಾಂಡ 6:4-5. ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ಧರ್ಮೋಪದೇಶಕಾಂಡದಲ್ಲಿ ಹೃದಯ, ಪ್ರಾಣ, ಶಕ್ತಿ ಎಂದು ಮೂರು. ಮಾರ್ಕನಲ್ಲಿ ‘ಬುದ್ಧಿ’ ಸೇರಿ ನಾಲ್ಕು. ಇಬ್ರಿಯದ ‘ಲೇವಾವ್’ ಬರೀ ಭಾವನೆಯ ಹೃದಯವಲ್ಲ; ಯೋಚನೆ, ನಿರ್ಧಾರ ಎಲ್ಲ ಅದರೊಳಗೇ. ಗ್ರೀಕಿನಲ್ಲಿ ಅಷ್ಟನ್ನೂ ಹೇಳಲು ಇನ್ನೊಂದು ಪದ ಸೇರಿತು ಎನ್ನುವುದೇ ನನಗೆ ಸರಿಯಾಗಿ ಕಾಣುವ ವಿವರಣೆ. ‘ಶೆಮಾ’ ಎಂದರೆ ಕೇಳು, ಜೊತೆಗೆ ವಿಧೇಯನಾಗು. ‘ಹೇಳಿದ ಮಾತು ಕೇಳು’ ಎಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲ, ಅದೇ ಕೇಳುವಿಕೆ.

ವಾರಕ್ಕೆ ಹಳೆಯ ಒಡಂಬಡಿಕೆಯ ಒಂದು ಉಲ್ಲೇಖ ಸಾಕು. ಸತ್ಯವೇದದ ಅಡಿಟಿಪ್ಪಣಿ ಹಿಡಿದು ಅದರ ಮೂಲಕ್ಕೆ ಹೋಗಿ, ಇಡೀ ಅಧ್ಯಾಯ ಓದಿ. ಹೆಚ್ಚಿನವರು ಎಡವುವುದು ಇಲ್ಲೇ, ಒಂದು ವಚನ ನೋಡಿ ಪುಸ್ತಕ ಮುಚ್ಚುತ್ತಾರೆ. ‘ನನ್ನ ದೇವರೇ, ಯಾಕೆ ಕೈಬಿಟ್ಟೆ’ ಎಂಬ ಶಿಲುಬೆಯ ಕೂಗು 22ನೇ ಕೀರ್ತನೆಯ ಮೊದಲ ಸಾಲು. ಅದೇ ಕೀರ್ತನೆ 22ನೇ ವಚನದಿಂದ ಸ್ತುತಿಯಾಗಿ ತಿರುಗುತ್ತದೆ. ಅಲ್ಲಿಯವರೆಗೆ ಓದದವರಿಗೆ ಆ ಕೂಗು ಅರ್ಧವೇ ಕೇಳಿಸುತ್ತದೆ.

ಪ್ರಶ್ನೆ: ಇಬ್ರಿಯರಿಗೆ 10:5ರಲ್ಲಿ ‘ನನಗೆ ದೇಹ ಸಿದ್ಧಮಾಡಿದೆ’ ಎಂದಿದೆ. ಕೀರ್ತನೆ 40:6ರಲ್ಲಿ ಕಿವಿಯ ಮಾತಿದೆ. ಯಾವುದು ತಪ್ಪು?

ಉತ್ತರ: ತಪ್ಪು ಯಾವುದೂ ಅಲ್ಲ. ಪತ್ರದ ಲೇಖಕ ಬಳಸಿದ್ದು ಸೆಪ್ಟುವಜಿಂಟ್ ಎಂಬ, ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದ. ಆ ಅನುವಾದದ ಕೆಲಸ ಕ್ರಿ.ಪೂ. 3ನೇ ಶತಮಾನದಲ್ಲಿ ಶುರುವಾಯಿತು. ಇಬ್ರಿಯ ಪಾಠದಲ್ಲಿ ಅಕ್ಷರಶಃ ‘ನನಗೆ ಕಿವಿಗಳನ್ನು ತೋಡಿದೆ’ ಎಂದಿದೆ. ತೆರೆದ ಕಿವಿಯೂ ಒಪ್ಪಿಸಿದ ದೇಹವೂ ಹೇಳುವುದು ವಿಧೇಯತೆಯನ್ನೇ. ಒಂದು ಎಚ್ಚರಿಕೆ: ಇಬ್ರಿಯ ಪ್ರತಿಯಲ್ಲಿ ಇದು 40:7, ಏಕೆಂದರೆ ಅಲ್ಲಿ ಶಿರೋನಾಮೆಯೇ ಮೊದಲ ವಚನ. 51ನೇ ಕೀರ್ತನೆಯಲ್ಲಂತೂ ಎರಡು ವಚನಗಳ ವ್ಯತ್ಯಾಸ.

ಪ್ರಶ್ನೆ: ಪದದ ಮೂಲಧಾತು ಗೊತ್ತಾದರೆ ನಿಜಾರ್ಥ ಗೊತ್ತಾದಂತೆಯೇ?

ಉತ್ತರ: ಖಂಡಿತ ಇಲ್ಲ. ‘ಲೆಹೆಮ್’ ರೊಟ್ಟಿ, ‘ಮಿಲ್ಹಾಮಾ’ ಯುದ್ಧ. ಎರಡರಲ್ಲೂ ಲ-ಹ-ಮ ಎಂಬ ಅದೇ ಮೂರು ಅಕ್ಷರ. ಹಾಗೆಂದು ಬೇತ್ಲೆಹೇಮ್, ಅಂದರೆ ‘ರೊಟ್ಟಿಯ ಮನೆ’, ಯುದ್ಧದ ಮನೆಯಾಗದು. ಅರ್ಥ ತೀರ್ಮಾನವಾಗುವುದು ಬಳಕೆಯಿಂದ. ಮತ್ತಾಯ 9:13ರ ‘ಕರುಣೆ’ಯನ್ನೇ ಹಿಡಿಯಿರಿ. ಅದು ಯೇಸು ಅಲ್ಲಿ ಎತ್ತಿ ಹೇಳುವ ಹೋಶೇಯ 6:6ರ ‘ಹೆಸೆದ್’, ಸತ್ಯವೇದದ ಮೂಲಪದಗಳಿಗೆ ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ ಪದಸೂಚಿಯಲ್ಲಿ 2617ನೇ ಸಂಖ್ಯೆ. ಕೀರ್ತನೆ 136ರ 26 ವಚನಗಳಲ್ಲೂ ಇದೇ ಪದವಿದೆ. ಒಂದೊಂದನ್ನೂ ಗುರುತು ಹಾಕಿ ಓದಿ. ಆಮೇಲೆ ಹೋಶೇಯ 6:4ಕ್ಕೆ ಬನ್ನಿ: ಜನರ ಹೆಸೆದ್ ಬೆಳಗಿನ ಮೋಡದಂತೆ, ಬೇಗ ಆರುವ ಇಬ್ಬನಿಯಂತೆ ಎಂದು ದೇವರು ನೋಯುತ್ತಾನೆ. ಅಂದರೆ ಆತ ಕೇಳುವುದು ಕನಿಕರವೊಂದನ್ನೇ ಅಲ್ಲ, ಕೊಟ್ಟ ಮಾತಿಗೆ ಕಟ್ಟುಬಿದ್ದು ಆರದೆ ಉಳಿಯುವ ಪ್ರೀತಿಯನ್ನು.