ನಾಮದಕೋಳಿ ಸಾರಸಕ್ಕೆ ಹೇಗೆ ನೆಂಟ?

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ನಾಮದಕೋಳಿಗಳು ಬಾತುಗಳ ಜೊತೆ ಈಜುತ್ತಿರುತ್ತವೆ. ಆದರೆ ಹಕ್ಕಿಗಳ ಪಟ್ಟಿಯಲ್ಲಿ ಅವನ್ನು ಸಾರಸದ ಗಣಕ್ಕೆ ಸೇರಿಸಿದ್ದಾರೆ. ನೀಲಿ ಜಂಬುಕೋಳಿಯ ಪಕ್ಕದಲ್ಲೇ ತಾವರೆ ಎಲೆಯ ಮೇಲೆ ಓಡಾಡುವ ದೇವನಕ್ಕಿಯನ್ನು ಮಾತ್ರ ಬೇರೆ ಗಣಕ್ಕೆ ಹಾಕಿದ್ದಾರೆ. ಇದು ಯಾವ ಲೆಕ್ಕ?

ಉತ್ತರ: ಪಟ್ಟಿ ಸರಿಯಾಗಿಯೇ ಇದೆ. ಒಂದೇ ಕೆರೆಯಲ್ಲಿ ಬದುಕುವ ಹಕ್ಕಿಗಳೆಲ್ಲ ನೆಂಟರಾಗಬೇಕಿಲ್ಲ. ನೀರು, ಕೆಸರು, ಜೊಂಡು ಎಲ್ಲರಿಗೂ ಒಂದೇ ಬಗೆಯ ಕಷ್ಟ ಒಡ್ಡುವುದರಿಂದ ಬೇರೆಬೇರೆ ಮೂಲದ ಹಕ್ಕಿಗಳಲ್ಲೂ ಒಂದೇ ಬಗೆಯ ಅಂಗಗಳು ಬೆಳೆದಿವೆ.

ನಾಮದಕೋಳಿ ಏರಿ ಹತ್ತಿದಾಗ ಅದರ ಕಾಲು ನೋಡಿ. ಬಾತಿನ ಹಾಗೆ ಬೆರಳುಗಳ ನಡುವೆ ಜಾಲಪೊರೆ ಇಲ್ಲ. ಒಂದೊಂದು ಬೆರಳಿಗೂ ಎಲೆಯಂತೆ ಅಗಲವಾದ ಬಿಡಿ ಪೊರೆ ಇದೆ. ಹಾಗಾದರೆ ಈ ಪೊರೆಯೇ ಸಾರಸದ ನೆಂಟಸ್ತನಕ್ಕೆ ಗುರುತೇ? ಅಲ್ಲ. ಅದೇ ಕೆರೆಯ ಗುಳುಮುಳುಕನಿಗೂ ಇಂಥದೇ ಬೆರಳುಗಳಿವೆ, ಅದರ ಹತ್ತಿರದ ಸಂಬಂಧಿಯೋ ರಾಜಹಂಸ, ಅಂದರೆ ಫ್ಲೆಮಿಂಗೊ! ದೇವನಕ್ಕಿಯದೂ ಇದೇ ಕಥೆ. ತೇಲುವ ಎಲೆ ಮುಳುಗದಂತೆ ಭಾರ ಹಂಚಲು ಅದಕ್ಕೆ ಬಲು ಉದ್ದದ ಬೆರಳುಗಳಿವೆ, ಆದರೆ ಅದು ಟಿಟ್ಟಿಭ, ಗದ್ದೆಗೊರವಗಳ ಬಳಗದ್ದು. ಅದರ ಸಂಸಾರವೂ ಬೇರೆ: ಹೆಣ್ಣು ಹಲವು ಗಂಡುಗಳ ಜೊತೆ ಕೂಡಿ ಮೊಟ್ಟೆಯಿಡುತ್ತದೆ, ಕಾವು ಕೊಟ್ಟು ಮರಿ ಸಾಕುವುದು ಗಂಡು.

ಸಾರಸದ ಗಣಕ್ಕೆ ಗ್ರುಯಿಫಾರ್ಮೀಸ್ ಎಂದು ಹೆಸರು. ಹಿಂದೆ ಎಲ್ಲೂ ಸರಿಯಾಗಿ ಕೂರದ ಹಕ್ಕಿಗಳನ್ನೆಲ್ಲ ಇದಕ್ಕೇ ತುಂಬುತ್ತಿದ್ದರು. ಹುಲ್ಲುಗಾವಲಿನ ಎರೆಭೂತ, ನ್ಯೂ ಕ್ಯಾಲಿಡೋನಿಯಾದ ಕಾಗು, ದಕ್ಷಿಣ ಅಮೆರಿಕದ ಸೆರಿಯೆಮಾ ಎಲ್ಲವೂ ಇಲ್ಲಿದ್ದವು. ವಂಶವಾಹಿಗಳನ್ನು ಹೋಲಿಸತೊಡಗಿದ ಮೇಲೆ, ಅದರಲ್ಲೂ 2008ರ ದೊಡ್ಡ ಅಧ್ಯಯನದ ನಂತರ, ಇವೆಲ್ಲ ಹೊರಬಿದ್ದವು. ಆದರೆ ಸಾರಸವೂ ಸೇರಿದ ಕ್ರೌಂಚಗಳ ಕುಟುಂಬ ಮತ್ತು ನಾಮದಕೋಳಿ, ಜಂಬುಕೋಳಿ, ಹುಂಡುಕೋಳಿಗಳಿರುವ ರೈಲ್ ಕುಟುಂಬ ಜೊತೆಯಾಗಿಯೇ ಉಳಿದವು. ಕಣ್ಣಿಗೆ ನಂಬಲು ಕಷ್ಟವಾದ ಜೋಡಿಯೇ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿತು ಎಂಬುದು ನನಗೆ ಇಂದಿಗೂ ರೋಮಾಂಚನದ ಸಂಗತಿ. ಒಂದು ಕಡೆ ಆರಡಿ ಎತ್ತರಕ್ಕೆ ನಿಲ್ಲುವ ಸಾರಸ, ಇನ್ನೊಂದು ಕಡೆ ಜೊಂಡಿನಲ್ಲಿ ನುಸುಳುವ ಪುಟ್ಟ ರೈಲ್! ನಡುವಿನ ಚಹರೆ ಬೇಕಿದ್ದರೆ ಅಮೆರಿಕ ಖಂಡಗಳ ಜೌಗಿನಲ್ಲಿ ಬಸವನಹುಳು ತಿಂದು ಬದುಕುವ ಲಿಂಪ್‌ಕಿನ್ ಚಿತ್ರ ನೋಡಿ. ಕ್ರೌಂಚಗಳಿಗೆ ಅತಿ ಹತ್ತಿರದ ನೆಂಟ ಅದೇ, ನೋಟಕ್ಕೆ ಮಾತ್ರ ದೊಡ್ಡ ರೈಲ್‌ನಂತಿದೆ.

ಬೆಳ್ಳಕ್ಕಿ, ಬಕಗಳನ್ನು ಈ ಬಳಗಕ್ಕೆ ಸೇರಿಸಬೇಡಿ. ಅವು ಕತ್ತು ಮಡಚಿಕೊಂಡು ಹಾರುತ್ತವೆ, ಸಾರಸ ಕತ್ತು ಚಾಚಿ ಹಾರುತ್ತದೆ. ಬಕದ ಮರಿಗಳು ವಾರಗಟ್ಟಲೆ ಗೂಡಿನಲ್ಲೇ ತುತ್ತಿಗೆ ಕಾಯುತ್ತವೆ, ಸಾರಸದ ಮರಿಗಳು ಬೇಗನೆ ಗೂಡು ಬಿಟ್ಟು ತಂದೆತಾಯಿಯ ಹಿಂದೆ ನಡೆಯುತ್ತವೆ.

ನಿಮ್ಮ ಬಳಿ ಹಳೆಯ ಪಕ್ಷಿ ಕೈಪಿಡಿ ಇದ್ದರೆ ಎರೆಭೂತ ಇನ್ನೂ ಸಾರಸದ ಗಣದಲ್ಲೇ ಇರಬಹುದು. ಅದಕ್ಕೀಗ ತನ್ನದೇ ಗಣವಿದೆ, ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಿ.