ಟೋ ಮೋಡ್ ಬಟನ್ ಯಾವಾಗ ಒತ್ತಬೇಕು? ಸೋಮವಾರಪೇಟೆಯ ತಮ್ಮನಿಗೆ

ಸೋಮವಾರಪೇಟೆ ಕಡೆಯ ಹುಡುಗನೊಬ್ಬ ಹೋದ ವಾರ ನನಗೆ ಬರೆದಿದ್ದಾನೆ. ಮುಂದಿನ ತಿಂಗಳು ಅಮೆರಿಕದ ಕೊಲೊರಾಡೊಗೆ ಹೊರಡುತ್ತಾನೆ. ಕೃಷಿ ಯಂತ್ರಗಳ ಕಂಪನಿಯಲ್ಲಿ ಕೆಲಸ. ಹೆವಿ ಡ್ಯೂಟಿ ಪಿಕಪ್ ಹಿಂದೆ ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಸಾಗಿಸಬೇಕಂತೆ. "ಅಣ್ಣಾ, ಆ ಗಾಡಿಯಲ್ಲಿ ಟೋ/ಹಾಲ್ ಅಂತ ಒಂದು ಬಟನ್ ಇದೆಯಂತಲ್ಲ, ಒತ್ತಿದರೆ ಪವರ್ ಜಾಸ್ತಿ ಆಗುತ್ತಾ? ಯಾವಾಗಲೂ ಹಾಕಿಕೊಂಡೇ ಇರಬೇಕಾ? ಮತ್ತೆ ಬಾಡಿಗೆ, ಊಟ, ಚಳಿ ಎಲ್ಲಾ ಹೇಗೆ?" ಎಂದು ಕೇಳಿದ್ದಾನೆ. ನಾನು ಅದೇ ರಾಜ್ಯದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಈಗ ರಜೆಗೆ ಮಡಿಕೇರಿಗೆ ಬಂದಿದ್ದೇನೆ. ಇಲ್ಲಿ ಕೂತೇ ಬರೆಯುತ್ತಿದ್ದೇನೆ.

ತಮ್ಮಾ, ಸಣ್ಣ ವಿಷಯಗಳನ್ನು ಮೊದಲು ಮುಗಿಸೋಣ. ಬಾಡಿಗೆ ಜಾಸ್ತಿಯೇ, ಮೊದಲ ವರ್ಷ ಯಾರ ಜೊತೆಗಾದರೂ ಮನೆ ಹಂಚಿಕೊಂಡು ಇರು. ಅಕ್ಕಿತರಿ, ಅಕ್ಕಿಹಿಟ್ಟು ಡೆನ್ವರ್‌ನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಕಡುಬಿಗೆ, ರೊಟ್ಟಿಗೆ ತೊಂದರೆ ಇಲ್ಲ. ಕಾಚಂಪುಳಿ ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗು. ಚಳಿ ಅಲ್ಲಿ ಒಣ ಚಳಿ. ನಮ್ಮ ಜುಲೈ ತಿಂಗಳ ಥಂಡಿಯ ಹಾಗೆ ಬಟ್ಟೆಯೊಳಗೆ ಬಂದು ಕೂರುವುದಿಲ್ಲ.

ಈಗ ಬಟನ್ ವಿಷಯ. ಟೋ/ಹಾಲ್ ಎಂದರೆ ಭಾರ ಎಳೆಯುವುದು, ಸಾಗಿಸುವುದು. ಚಿಕ್ಕದಾಗಿ ಟೋ ಮೋಡ್ ಎನ್ನುತ್ತೇವೆ. ಒತ್ತಿದರೆ ಎಂಜಿನ್‌ಗೆ ಹೊಸ ಶಕ್ತಿ ಬರುವುದಿಲ್ಲ. ಬದಲಾಗುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಲೆಕ್ಕಾಚಾರ. ಖಾಲಿ ಗಾಡಿಯಲ್ಲಿ ಗೇರ್‌ಬಾಕ್ಸ್ ಬೇಗ ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಡೀಸೆಲ್ ಉಳಿಯಲಿ ಎಂದು. ಹಿಂದೆ ನಾಲ್ಕೈದು ಟನ್ ಇದ್ದಾಗ ಅದೇ ಬುದ್ಧಿ ಕೆಲಸಕ್ಕೆ ಬರುವುದಿಲ್ಲ. ಸ್ವಲ್ಪ ಏರು ಬಂದರೆ ಕೆಳಗಿನ ಗೇರು, ಸಮ ಬಂದರೆ ಮೇಲಿನ ಗೇರು, ಮತ್ತೆ ಕೆಳಗೆ. ಹೀಗೆ ಹುಡುಕಾಡುತ್ತಲೇ ಇರುತ್ತದೆ. ಪ್ರತಿ ಸಲವೂ ಒಳಗೆ ಬಿಸಿ ಹುಟ್ಟುತ್ತದೆ, ಗೇರ್ ಆಯಿಲ್ ಕಾಯುತ್ತದೆ. ಗೇರ್‌ಬಾಕ್ಸಿನ ಆಯಸ್ಸು ಕಡಿಮೆಯಾಗುವುದು ಈ ಬಿಸಿಯಿಂದಲೇ. ಟೋ ಮೋಡ್ ಹಾಕಿದರೆ ಒಂದೇ ಗೇರನ್ನು ಹೆಚ್ಚು ಹೊತ್ತು ಹಿಡಿದಿರುತ್ತದೆ, ತಡವಾಗಿ ಮೇಲಕ್ಕೆ ಹೋಗುತ್ತದೆ. ಎಂಜಿನ್ ಸದ್ದು ಜೋರಾಗುತ್ತದೆ, ಹೆದರಬೇಡ. ಅದು ಹಾಗೆಯೇ ಇರಬೇಕು.

ಯಾವಾಗಲೂ ಬೇಡ. ಟ್ರೇಲರ್ ಬಿಚ್ಚಿಟ್ಟು ಬರೀ ಗಾಡಿಯಲ್ಲಿ ಹೋಗುವಾಗ ಹಾಕಿದರೆ ಡೀಸೆಲ್ ಸುಮ್ನೆ ಖರ್ಚು. ಶೆವ್ರೊಲೆ ಗಾಡಿಗಳ ಕೈಪಿಡಿಯಲ್ಲಿ ಒಂದು ಒಳ್ಳೆಯ ಲೆಕ್ಕ ಇದೆ. ಗಾಡಿ ಮತ್ತು ಟ್ರೇಲರ್ ಸೇರಿ ಎಷ್ಟು ತೂಕಕ್ಕೆ ಅನುಮತಿ ಇದೆಯೋ ಅದರ 75 ಶೇಕಡಾವಾದರೂ ಇದ್ದಾಗ ಈ ಮೋಡ್ ಹೆಚ್ಚು ಉಪಯೋಗ ಎನ್ನುತ್ತದೆ. ನಾನು ಗುಡ್ಡದ ದಾರಿ ಇದ್ದರೆ ಅದಕ್ಕಿಂತ ಕಡಿಮೆ ತೂಕಕ್ಕೂ ಹಾಕುತ್ತೇನೆ. ಇನ್ನೊಂದು ಗಮನಿಸು. ಹಲವು ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿದರೆ ಮೋಡ್ ಕೂಡ ಆಫ್ ಆಗುತ್ತದೆ. ಬಂಕಿನಲ್ಲಿ ಡೀಸೆಲ್ ಹಾಕಿಸಿ ಹೊರಟಾಗ ಡ್ಯಾಶ್‌ಬೋರ್ಡಿನಲ್ಲಿ ಗುರುತು ಇದೆಯಾ ನೋಡಿಯೇ ರಸ್ತೆಗೆ ಇಳಿ.

ಆದರೆ ಈ ಬಟನ್ನಿನ ನಿಜವಾದ ಕೆಲಸ ಇರುವುದು ಇಳಿಜಾರಿನಲ್ಲಿ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಾನು ಹೋದ ಹೊಸತರಲ್ಲಿ ಕೊಲೊರಾಡೊದ ಪೂರ್ವ ಭಾಗದಲ್ಲಿದ್ದೆ. ಅಲ್ಲಿ ನೆಲ ಸಪಾಟು, ಕಣ್ಣಿಗೆ ಒಂದು ಗುಡ್ಡ ಸಿಗುವುದಿಲ್ಲ. ಮೊದಲ ಸಲ ಪಶ್ಚಿಮಕ್ಕೆ ಟ್ರ್ಯಾಕ್ಟರ್ ಒಯ್ಯಲು ಹೇಳಿದಾಗ ಖುಷಿಯಾಯಿತು. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಓಡಿಸಿದ ಕೈ ಅಲ್ವಾ. ಪಕ್ಕದಲ್ಲಿ ಹಳೆಯ ಕೆಲಸಗಾರನೊಬ್ಬ ಕೂತಿದ್ದ. ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹತ್ತಿರ ಸುಮಾರು 3,400 ಮೀಟರ್ ಎತ್ತರಕ್ಕೆ ಹೋಗುತ್ತದೆ. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್, ಅದರ ಹೆಚ್ಚುಕಡಿಮೆ ಎರಡರಷ್ಟು. ಸುರಂಗ ದಾಟಿದ ಕೂಡಲೇ ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು 8 ಮೈಲಿ ಇಳಿಜಾರು, 7 ಶೇಕಡಾ ಇಳುಕಲು. ಸುರಂಗದ ಒಳಗೇ ಆ ಹಳೆಯ ಕೆಲಸಗಾರ ವೇಗ ಇಳಿಸು ಎಂದ. ಇಷ್ಟು ಅಗಲ ರಸ್ತೆಯಲ್ಲಿ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಸ್ವಲ್ಪ ಕೆಳಗೆ ಇಳಿದಾಗ ಒಂದು ಪಿಕಪ್, ಹಿಂದೆ ಕ್ಯಾಂಪರ್, ಅಂದರೆ ಮನೆಯಂಥ ಪ್ರವಾಸದ ಟ್ರೇಲರ್, ಕಟ್ಟಿಕೊಂಡು, ನಮ್ಮನ್ನು ದಾಟಿ ಹೋಯಿತು. ಚಕ್ರಗಳಿಂದ ಹೊಗೆ. ಆ ವಾಸನೆ ನಿನಗೂ ಗೊತ್ತು, ಸಂಪಾಜೆ ಗೇಟಿನ ಹತ್ತಿರ ಲಾರಿ ನಿಂತಾಗ ಬರುವ ಸುಟ್ಟ ಬ್ರೇಕಿನ ವಾಸನೆ. ಮುಂದೆ ಬ್ರೇಕ್ ಕಳೆದುಕೊಂಡ ಗಾಡಿಗಳಿಗಾಗಿ ಮಾಡಿದ ಜಲ್ಲಿಯ ದಿಬ್ಬದೊಳಗೆ ಅದು ಹೂತು ನಿಂತಿತ್ತು. ರಸ್ತೆ ಬದಿಯಲ್ಲಿ ತಾಯಿ, ಇಬ್ಬರು ಮಕ್ಕಳು. ಯಾರಿಗೂ ಏಟಾಗಿರಲಿಲ್ಲ. ಮಕ್ಕಳ ಮುಖ ಇನ್ನೂ ಕಣ್ಣಮುಂದಿದೆ.

ನಮ್ಮ ಘಾಟಿಗೂ ಅಲ್ಲಿಯದಕ್ಕೂ ವ್ಯತ್ಯಾಸ ಏನು ಗೊತ್ತಾ? ನಮ್ಮಲ್ಲಿ ತಿರುವು ಇದೆ. ಐವತ್ತು ಮಾರು ಹೋಗುವುದರೊಳಗೆ ಒಂದು ತಿರುವು ಬಂದು ನಿನ್ನನ್ನು ನಿಧಾನ ಮಾಡಿಸುತ್ತದೆ. ಅಲ್ಲಿ ರಸ್ತೆ ಅಗಲ, ನುಣುಪು, ತಿರುವುಗಳೂ ದೊಡ್ಡ ದೊಡ್ಡವು. ವೇಗ ಏರಿದ್ದೇ ತಿಳಿಯುವುದಿಲ್ಲ. ತಿಳಿಯುವಷ್ಟರಲ್ಲಿ ಬ್ರೇಕ್ ಕಾದಿರುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ, ಎಷ್ಟು ಒತ್ತಿದರೂ.

ಹಾಗಾಗಿ ಹೀಗೆ ಮಾಡು. ಇಳಿಜಾರು ಶುರುವಾಗುವ ಮೊದಲೇ ಟೋ ಮೋಡ್ ಹಾಕಿರಬೇಕು. ಡೀಸೆಲ್ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕ್ ಕೂಡ ಆನ್ ಮಾಡು. ಘಾಟಿ ಇಳಿಯುವ ಲಾರಿಗಳಲ್ಲೂ ಇದು ಇರುತ್ತದೆ, ನಿನಗೆ ಹೊಸದಲ್ಲ. ಪಿಕಪ್‌ನಲ್ಲಿ ಎಂಜಿನ್‌ಗೆ ಗಾಳಿ ತುಂಬುವ ಟರ್ಬೊದ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯ ದಾರಿಯನ್ನು ಕಟ್ಟುತ್ತವೆ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಏರಿನ ತುದಿ ತಲುಪುವ ಮೊದಲೇ ವೇಗ ಇಳಿಸು. ಆಮೇಲೆ ಇಳಿಯುವಾಗ ಬ್ರೇಕನ್ನು ಒಮ್ಮೆ ಸರಿಯಾಗಿ ಒತ್ತಿದರೆ, ಟೋ ಮೋಡ್‌ನಲ್ಲಿ ಗೇರ್‌ಬಾಕ್ಸ್ ತಾನೇ ಕೆಳಗಿನ ಗೇರಿಗೆ ಬಂದು ವೇಗವನ್ನು ಹಿಡಿಯುತ್ತದೆ. ಸಾಲದಿದ್ದರೆ ಕೈಯಿಂದ ಇನ್ನೊಂದು ಗೇರು ಇಳಿಸು. ಲಾರಿ ಲೈಸೆನ್ಸಿನ ಪುಸ್ತಕದಲ್ಲಿ ಬರುವ ಕ್ರಮ ಇದಕ್ಕೂ ಸರಿ. ಗಂಟೆಗೆ 40 ಮೈಲಿ ಸುರಕ್ಷಿತ ವೇಗ ಎಂದುಕೊಂಡರೆ, 40 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 35ಕ್ಕೆ ತಂದು ಪೂರ್ತಿ ಬಿಡು. ಮತ್ತೆ 40 ಆದಾಗ ಮತ್ತೆ ಒತ್ತು. ಕಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡೇ ಇಳಿಯಬೇಡ.

ನಮ್ಮೂರಿನ ಹಳೇ ಡ್ರೈವರುಗಳು ಹೇಳುತ್ತಿದ್ದರಲ್ಲ, ಹತ್ತಿದ ಗೇರಿನಲ್ಲೇ ಇಳಿ ಅಂತ. ಅದೇ ಮಾತು. ಹತ್ತು ಗೇರಿನ ಹೊಸ ಗಾಡಿಗೆ ಕಂಪನಿಯವರು ಕಂಪ್ಯೂಟರಿನಲ್ಲಿ ಕಲಿಸಿದ್ದನ್ನು ನಮ್ಮ ಟಿಂಬರ್ ಲಾರಿಯವರು ಕೈಯಲ್ಲೇ ಮಾಡುತ್ತಿದ್ದರು. ನನಗೆ ಅದರ ಬಗ್ಗೆ ತುಂಬಾ ಹೆಮ್ಮೆ ಇದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನೂ ನೀನು ನೋಡಿದ್ದೀಯ. ಅದನ್ನು ಮಾತ್ರ ಊರಿನಲ್ಲೇ ಬಿಟ್ಟು ಬಾ.

ಹೊರಡುವ ಮೊದಲು ಒಂದು ದಿನ ಸಂಪಾಜೆ ಕಡೆ ಹೋಗುವ ಲೋಡ್ ಲಾರಿಯಲ್ಲಿ ಕೂತು ಬಾ. ಎಂಜಿನ್ ಸದ್ದು ಕೇಳಿಸಿಕೋ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಆ ರಸ್ತೆ ಮುಚ್ಚಿದಾಗ ನಾನು ಕೊಲೊರಾಡೊದಲ್ಲಿದ್ದೆ. ಟನ್‌ಗಟ್ಟಲೆ ಎಳೆಯುವ ಗಾಡಿಯಲ್ಲಿ ಕೂತು, ಮನೆಗೆ ಫೋನ್ ಸಿಗದೆ ಒದ್ದಾಡಿದೆ. ಹಣ ಕಳಿಸಿದೆ, ನಿಜ. ಆದರೆ ನನ್ನ ಊರಿಗೆ ಒಂದು ಚೀಲ ಅಕ್ಕಿ ಎಳೆದು ತರಲು ಆಗಲಿಲ್ಲ. ಅದು ಇವತ್ತಿಗೂ ನೋಯುತ್ತದೆ. ನಿನಗೂ ಇಂಥ ದಿನ ಬರಬಹುದು, ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿರು.

ತೂಕದ ವಿಷಯ. ಎಷ್ಟು ಹೊರಬಹುದು ಎಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ. ಸೀಸನ್ ಸಮಯದಲ್ಲಿ "ಇನ್ನು ನಾಲ್ಕು ಮೂಟೆ ಹಾಕು" ಎನ್ನುವ ಹಾಗೆ ಅಲ್ಲಿ ನಡೆಯುವುದಿಲ್ಲ. ಮಾಮೂಲಿ ಕೊಂಡಿಯ ಟ್ರೇಲರ್ ಆದರೆ ಅದರ ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬೀಳಬೇಕು. ಬೆನ್ನ ಮೇಲಿನ ಕಾಫಿ ಮೂಟೆ ಕೆಳಕ್ಕೆ ಜಾರಿದರೆ ಹೊತ್ತವನು ತೂರಾಡುತ್ತಾನಲ್ಲ, ಭಾರ ಹಿಂದಕ್ಕೆ ಹೋದ ಟ್ರೇಲರ್ ಕೂಡ ಹಾಗೆಯೇ. ತೂರಾಡಲು ಶುರುವಾದರೆ ಗಾಡಿಯ ಬ್ರೇಕ್ ಒತ್ತಬೇಡ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೇಲರ್ ಬ್ರೇಕಿನ ಕೈಲಿವರನ್ನು ಮಾತ್ರ ಮೆಲ್ಲಗೆ ಒತ್ತು. ಆ ಬ್ರೇಕಿನ ಹಿಡಿತವನ್ನು ಹೊರಡುವ ಮೊದಲೇ ಖಾಲಿ ಜಾಗದಲ್ಲಿ ನಿಧಾನ ಓಡಿಸಿ ಹೊಂದಿಸಿಕೋ. ಚಕ್ರ ಲಾಕ್ ಆಗುವುದಕ್ಕಿಂತ ಸ್ವಲ್ಪ ಕಡಿಮೆ ಇರಲಿ.

ಲೈಸೆನ್ಸ್: ಕೆಲಸಕ್ಕಾಗಿ ಓಡಿಸುವಾಗ ಗಾಡಿ, ಟ್ರೇಲರ್ ಸೇರಿ ಅನುಮತಿಯ ತೂಕ 26,001 ಪೌಂಡ್ ಅಥವಾ ಮೇಲಿದ್ದು, ಟ್ರೇಲರ್ ಒಂದೇ 10,000 ಪೌಂಡ್ ದಾಟಿದರೆ ವಾಣಿಜ್ಯ ಲೈಸೆನ್ಸ್ ಬೇಕು. ಕಂಪನಿಯವರನ್ನು ಮೊದಲ ದಿನವೇ ಕೇಳು.

ಕೊನೆಗೆ ಹಿಮ. ರಸ್ತೆಯಲ್ಲಿ ಐಸ್ ಇದ್ದರೆ ಎಕ್ಸಾಸ್ಟ್ ಬ್ರೇಕ್ ಆಫ್ ಮಾಡು, ಟೋ ಮೋಡ್ ಕೂಡ ಬೇಡ. ಎಂಜಿನ್ ಹಿಡಿದಾಗ ಹಿಂದಿನ ಚಕ್ರಗಳು ಜಾರಿ ಟ್ರೇಲರ್ ನಿನ್ನನ್ನು ಅಡ್ಡ ತಿರುಗಿಸುತ್ತದೆ. ಹಾಗಾದರೆ ಹಿಮದಲ್ಲಿ ಭಾರ ಎಳೆದುಕೊಂಡು ಆ ಇಳಿಜಾರು ಇಳಿಯುವುದು ಹೇಗೆ ಎಂದು ಕೇಳುತ್ತೀಯ. ಇಳಿಯಬೇಡ. ಯಜಮಾನರಿಗೆ ಫೋನ್ ಮಾಡಿ ನಾಳೆ ಹೋಗುತ್ತೇನೆ ಎನ್ನು. ದೊಡ್ಡವರಿಗೆ ಆಗಲ್ಲ ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ, ಗೊತ್ತು. ಆದರೆ ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಹಾಗೆ ಹೇಳಿದವನನ್ನು ಯಾರೂ ತಪ್ಪು ತಿಳಿದಿಲ್ಲ.