ಬೇರು ಬಿಟ್ಟ ಕಡ್ಡಿಗಳು ಬಾಡುವುದೇಕೆ?

ಪ್ರಶ್ನೆ: ಹಸಿರುಮನೆಯಲ್ಲಿ ದಾಸವಾಳದ ಕಡ್ಡಿಗಳು ಚೆನ್ನಾಗಿ ಬೇರು ಬಿಟ್ಟವು. ಕುಂಡಕ್ಕೆ ಬದಲಿಸಿದ ಮೇಲೆ ಮಧ್ಯಾಹ್ನ ಬಾಡುತ್ತಿವೆ. ದಿನಕ್ಕೆ 3 ಸಲ ನೀರು ಹಾಕಿದರೂ ಎಲೆ ಉದುರುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ನೀರು ಕಡಿಮೆ ಮಾಡಿ. ಹೊಸ ಬೇರುಗಳು ಇನ್ನೂ ಕೆಲವೇ ಇರುತ್ತವೆ. ಒಳಗಿನ ಬಿಸಿ 35 ಡಿಗ್ರಿ ದಾಟಿದರೆ, ಎಲೆಯಿಂದ ಆವಿಯಾಗುವಷ್ಟು ನೀರನ್ನು ಅವು ಎಳೆದುಕೊಡಲಾರವು. ಮಣ್ಣು ಒದ್ದೆಯಿದ್ದರೂ ಗಿಡ ಸೊರಗುತ್ತದೆ. ಅದನ್ನು ಕಂಡು ಮತ್ತೆ ನೀರು ಸುರಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ.

ಒಂದು ಗಿಡವನ್ನು ಕುಂಡದಿಂದ ಮೆಲ್ಲಗೆ ಜಾರಿಸಿ ನೋಡಿ. ಬೇರು ಬೆಳ್ಳಗೆ, ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿದ್ದು, ಎಳೆದಾಗ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಕೊಳೆತ ಶುರುವಾಗಿದೆ. ಅಂಥದ್ದನ್ನು ಎಸೆಯುವುದೇ ಲೇಸು.

ಉಳಿದವುಗಳ ಮೇಲೆ 7ರಿಂದ 10 ದಿನ ಶೇ 50ರ ನೆರಳು ಪರದೆ ಕಟ್ಟಿ, ಚಾವಣಿಯ ಕಿಂಡಿ ತೆರೆದಿಡಿ. ಮೇಲ್ಮಣ್ಣು 1 ಸೆಂ.ಮೀ. ಒಣಗಿದ ಮೇಲಷ್ಟೇ, ಬೆಳಿಗ್ಗೆ ಬೇಗ, ತಳದ ತೂತಿನಿಂದ ಹರಿಯುವಷ್ಟು ನೀರು ಕೊಡಿ. ಕುಂಡದ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಧ್ಯಾಹ್ನ ಎಲೆಗೆ ತೆಳುವಾಗಿ ಸಿಂಪಡಿಸಬಹುದು, ಸಂಜೆ ಬೇಡ. ರಾತ್ರಿಯಿಡೀ ಎಲೆ ಒದ್ದೆಯಿದ್ದರೆ ಶಿಲೀಂಧ್ರಕ್ಕೆ ಅನುಕೂಲ. ಕಪ್ಪು ಕುಂಡಗಳಾದರೆ ಬದಿಗೆ ನೇರ ಬಿಸಿಲು ಬೀಳದಂತೆ ಒತ್ತಾಗಿ ಜೋಡಿಸಿ. ಮೊಗ್ಗು ಬಂದರೆ ಚಿವುಟಿ. ಗೊಬ್ಬರದ ಮಾತು ಹೊಸ ಚಿಗುರು ಬಂದ ನಂತರ, ಅದೂ ಕಾಲು ಪ್ರಮಾಣದಲ್ಲಿ.

ಮಧ್ಯಾಹ್ನ ಬಾಡಿ ಸಂಜೆಗೆ ನೆಟ್ಟಗಾದರೆ ಅದು ಬಿಸಿಲಿನ ದಣಿವು. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಬೇರು ನೋಡಿ.